ಬೆವರು ಬಂದರೆ ಮೈ ಬಿಸಿಯಾಯಿತೆ?

ಮೇ ತಿಂಗಳ ಸಂಜೆ ಉಡುಪಿಯ ಯಾವ ಜಿಮ್ಮಿಗೆ ಹೋದರೂ ಈ ಚರ್ಚೆ ಕಿವಿಗೆ ಬೀಳುತ್ತದೆ. "ಬೈಕಿಂದ ಇಳಿಯುವಾಗಲೇ ಅಂಗಿ ಚಂಡಿ, ಇನ್ನು ಎಂತ ವಾರ್ಮ್‌ಅಪ್ ಮಾರಾಯ್ರೆ?" ಎಂದು ಹುಡುಗ. "ಹತ್ತು ನಿಮಿಷ ಟ್ರೆಡ್‌ಮಿಲ್ ಆಗದೆ ರಾಡ್ ಮುಟ್ಟುವ ಹಾಗಿಲ್ಲ" ಎಂದು ಟ್ರೈನರ್. ಹುಡುಗ ಮೊಬೈಲ್ ನೋಡುತ್ತ ಮೂರು ನಿಮಿಷ ನಡೆದ ಹಾಗೆ ಮಾಡಿ, ಟ್ರೈನರ್ ಅತ್ತ ತಿರುಗಿದ ಕೂಡಲೇ ಬೆಂಚಿನತ್ತ ಜಾರುತ್ತಾನೆ. ಅಲ್ಲಿಗೆ ವಾದ ಮುಗಿಯುತ್ತದೆ, ಯಾರೂ ಗೆದ್ದಿರುವುದಿಲ್ಲ.

ಭಾರ ಎತ್ತುವ ಮುನ್ನ ಸ್ವಲ್ಪ ಓಡಬೇಕೆ, ಸೈಕಲ್ ತುಳಿಯಬೇಕೆ ಎಂಬುದು ಕೇಳಲು ಸಣ್ಣ ಪ್ರಶ್ನೆ. ಆದರೆ ಉತ್ತರ ಕೊಡುವವರು ಎರಡು ತುದಿಯಲ್ಲಿ ನಿಂತಿದ್ದಾರೆ. ಒಂದು ತುದಿಯವರಿಗೆ ಕಾರ್ಡಿಯೊ ಇಲ್ಲದ ವ್ಯಾಯಾಮ ಅಪಾಯಕಾರಿ. ಇನ್ನೊಂದು ತುದಿಯವರಿಗೆ ಅದು ಸಮಯ ದಂಡ, ಮೇಲಿಂದ ಬಲ ನಷ್ಟ. ಎರಡೂ ಕಡೆ ಪುರಾವೆ ಇದೆ, ಎರಡೂ ಕಡೆ ಅತಿಯೂ ಇದೆ. ನಮ್ಮ ಕರಾವಳಿಯ ಹವೆ ಈ ವಾದಕ್ಕೆ ತನ್ನದೇ ಒಂದು ತಿರುವು ಕೊಡುತ್ತದೆ.

ಕಾರ್ಡಿಯೊ ಪರ ಇರುವವರ ಮುಖ್ಯ ಆಧಾರ ಉಷ್ಣತೆ. ಸುಮ್ಮನೆ ಕುಳಿತವನ ತೊಡೆಯ ಸ್ನಾಯು ದೇಹದ ಒಳಗಿನ ಉಷ್ಣತೆಗಿಂತ ತುಸು ತಣ್ಣಗಿರುತ್ತದೆ. ಕೆಲಸಕ್ಕೆ ಹಚ್ಚಿದರೆ ಮೂರರಿಂದ ಐದು ನಿಮಿಷದೊಳಗೆ ಅದರ ಬಿಸಿ ಬೇಗ ಬೇಗ ಏರುತ್ತದೆ. ಹತ್ತರಿಂದ ಇಪ್ಪತ್ತು ನಿಮಿಷದ ಹೊತ್ತಿಗೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಬಿಸಿಯಾದ ಸ್ನಾಯು ಬೇಗ ಸಂಕುಚಿಸುತ್ತದೆ, ನರಗಳ ಸಂದೇಶ ಚುರುಕಾಗಿ ಸಾಗುತ್ತದೆ, ರಕ್ತ ತನ್ನಲ್ಲಿದ್ದ ಆಮ್ಲಜನಕವನ್ನು ಸಲೀಸಾಗಿ ಬಿಟ್ಟುಕೊಡುತ್ತದೆ, ಕೀಲುಗಳ ಬಿಗಿತ ಕಡಿಮೆಯಾಗುತ್ತದೆ. ಡೆನ್ಮಾರ್ಕಿನ ಆಸ್ಮುಸನ್ ಮತ್ತು ಬೋಯೆ 1945ರಲ್ಲೇ ಸ್ನಾಯುವಿನ ಉಷ್ಣತೆ ಅಳೆದು, ಬಿಸಿಯಾದ ಮೈ ಸೈಕಲ್ಲಿನ ಮೇಲೆ ಅದೇ ಕೆಲಸವನ್ನು ಬೇಗ ಮುಗಿಸುತ್ತದೆ ಎಂದು ತೋರಿಸಿದ್ದರು. 1979ರಲ್ಲಿ ಸ್ವೀಡನ್ನಿನ ಬೆರ್ಗ್ ಮತ್ತು ಎಕ್‌ಬ್ಲೂಮ್ ಇನ್ನೂ ಖಚಿತ ಲೆಕ್ಕ ಕೊಟ್ಟರು: ಸ್ನಾಯುವಿನ ಉಷ್ಣತೆ ಒಂದು ಡಿಗ್ರಿ ಹೆಚ್ಚು ಕಡಿಮೆಯಾದರೆ ಜಿಗಿತ, ವೇಗದ ಓಟಗಳಂಥ ಕೆಲಸದಲ್ಲಿ ಶೇ. 4ರಿಂದ 6ರಷ್ಟು ವ್ಯತ್ಯಾಸ.

ಇದು ಜಿಗಿತದ ಮಾತಾಯಿತು, ಭಾರ ಎತ್ತುವುದಕ್ಕೆ ಏನು ಸಂಬಂಧ ಎಂದು ಕೇಳಬಹುದು. ಬ್ರೆಜಿಲ್‌ನ ಸಂಶೋಧಕರು 2011ರಲ್ಲಿ ಇದನ್ನೇ ನೇರವಾಗಿ ಪರೀಕ್ಷಿಸಿದರು. ವ್ಯಾಯಾಮದಲ್ಲಿ ಪಳಗಿದ 13 ಮಂದಿಯಿಂದ ಲೆಗ್ ಪ್ರೆಸ್‌ನಲ್ಲಿ ಒಂದೇ ಸಲ ಎತ್ತಬಲ್ಲ ಅತಿ ಹೆಚ್ಚು ಭಾರ ಎತ್ತಿಸಿದರು. ಒಂದು ದಿನ ಹಗುರ ತೂಕದ ಸೆಟ್‌ಗಳು ಮಾತ್ರ. ಇನ್ನೊಂದು ದಿನ ಅದಕ್ಕೂ ಮೊದಲು 20 ನಿಮಿಷ ನಿಧಾನವಾಗಿ ಸೈಕಲ್. ಸೈಕಲ್ ತುಳಿದ ದಿನ ಸರಾಸರಿ ಶೇ. 8ಕ್ಕಿಂತ ಹೆಚ್ಚು ಭಾರ ಎತ್ತಿದರು. ಭಾರದ ವ್ಯಾಯಾಮದಲ್ಲಿ ಶೇ. 8 ಸಣ್ಣದಲ್ಲ. ನೂರು ಕಿಲೋ ಎತ್ತುವವನು ಅಷ್ಟು ಮುಂದೆ ಹೋಗಲು ಆರು ತಿಂಗಳು ಬೆವರು ಸುರಿಸುತ್ತಾನೆ.

ಆದರೆ ಅದೇ ಬ್ರೆಜಿಲ್‌ನಿಂದ 2014ರಲ್ಲಿ ಇನ್ನೊಂದು ಫಲಿತಾಂಶ ಬಂತು. ಅಲ್ಲಿ 15 ಮಂದಿ ಬೆಂಚ್ ಪ್ರೆಸ್, ಸ್ಕ್ವಾಟ್, ಬೈಸೆಪ್ಸ್ ಕರ್ಲ್‌ಗಳನ್ನು ತಮ್ಮ ಗರಿಷ್ಠ ಭಾರದ ಶೇ. 80ರಲ್ಲಿ ಕೈ ಸೋಲುವವರೆಗೆ ಮಾಡಿದರು. ವಾರ್ಮ್‌ಅಪ್ ಇಲ್ಲದೆ, ಹಗುರ ಸೆಟ್ ಮಾತ್ರ, ಕಾರ್ಡಿಯೊ ಮಾತ್ರ, ಎರಡೂ ಸೇರಿಸಿ – ಹೀಗೆ ನಾಲ್ಕು ಬಗೆ. ಎಷ್ಟು ರೆಪ್ಸ್ ಮಾಡಿದರು ಎಂಬುದರಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಜಿಮ್ಮಿಗೆ ಬರುವ ಹೆಚ್ಚಿನವರು ದಿನವೂ ಮಾಡುವುದು ಈ ಬಗೆಯ ವ್ಯಾಯಾಮವನ್ನೇ. ವರ್ಷಕ್ಕೊಮ್ಮೆ ಎತ್ತುವ ಗರಿಷ್ಠ ಭಾರದ ಫಲಿತಾಂಶವನ್ನು ಪ್ರತಿದಿನದ ಹತ್ತು ಹನ್ನೆರಡು ರೆಪ್ಸ್ ಮೇಲೆ ಹೇರುವುದು ಸರಿಯಲ್ಲ ಎಂದು ಕಾರ್ಡಿಯೊ ಬೇಡವೆನ್ನುವವರು ಹೇಳಿದರೆ ಅದರಲ್ಲಿ ನ್ಯಾಯ ಇದೆ.

ಈ ಎರಡರ ನಡುವೆ 2013ರ ಮೂರನೆಯ ಅಧ್ಯಯನವೊಂದಿದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗದ್ದು ಅದೇ. ಎಷ್ಟು ಹೊತ್ತು, ಎಷ್ಟು ಜೋರಾಗಿ ಎಂದು ಬೇರೆ ಬೇರೆ ಮಾಡಿ ನೋಡಿದಾಗ, 15 ನಿಮಿಷ ತೀರ ನಿಧಾನವಾಗಿ ಸೈಕಲ್ ತುಳಿದವರ ಲೆಗ್ ಪ್ರೆಸ್ ಸುಧಾರಿಸಿತು. ಅದೇ 15 ನಿಮಿಷ ಜೋರಾಗಿ ತುಳಿದವರದ್ದು ಕುಸಿಯಿತು. ಐದು ನಿಮಿಷ ತುಳಿದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಅಂದರೆ ಟ್ರೈನರ್ ಹೇಳುವ ಹತ್ತು ನಿಮಿಷವನ್ನು ಹುಡುಗ ಹಟಕ್ಕೆ ಬಿದ್ದು ಏದುಸಿರು ಬರುವಂತೆ ಓಡಿದರೆ, ಟ್ರೈನರ್ ಬಯಸಿದ್ದರ ವಿರುದ್ಧವೇ ಆಗುತ್ತದೆ. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತ ಮಾಡಲು ಆಗುವಷ್ಟು ನಿಧಾನ ಇದ್ದರೆ ಮಾತ್ರ ಅದು ವಾರ್ಮ್‌ಅಪ್. ಇಲ್ಲದಿದ್ದರೆ ಅದೇ ಒಂದು ವ್ಯಾಯಾಮ, ದಣಿವಿನ ಲೆಕ್ಕಕ್ಕೆ ಸೇರುತ್ತದೆ.

ಇನ್ನು ಬೆವರಿನ ಪ್ರಶ್ನೆ. ಹುಡುಗನ ಮಾತನ್ನು ನಗೆಯಾಡಿ ತಳ್ಳಿಹಾಕುವುದು ಸುಲಭ, ಆದರೆ ಅದರಲ್ಲಿ ಅರ್ಧ ನಿಜ ಇದೆ. ಮೊದಲು ಸುಳ್ಳಿನ ಅರ್ಧ ನೋಡೋಣ. ಕಡಲ ಬದಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ಮೇಲೇ ನಿಲ್ಲುತ್ತದೆ. ಬಳ್ಳಾರಿಯಲ್ಲಿ ಇದಕ್ಕಿಂತ ಐದಾರು ಡಿಗ್ರಿ ಹೆಚ್ಚು ಸೆಕೆಯಲ್ಲೂ ಅಂಗಿ ಒಣಗಿರುತ್ತದೆ. ಬೆವರು ಅಲ್ಲೂ ಬರುತ್ತದೆ, ಆದರೆ ಬಂದ ಹಾಗೆ ಆರಿಹೋಗುತ್ತದೆ. ಹಾಗಾಗಿ ಕಾಪುವಿನ ಒದ್ದೆ ಅಂಗಿ ಹೇಳುವುದು ಗಾಳಿಯ ಸುದ್ದಿಯನ್ನು, ತೊಡೆಯ ಸುದ್ದಿಯನ್ನಲ್ಲ. ಬೈಕಿನ ಮೇಲೆ ಕುಳಿತು ಬಂದವನ ಚರ್ಮ ಕಾದಿರುತ್ತದೆ. ಆದರೆ ಆ ಹೊತ್ತೆಲ್ಲ ಮಡಚಿಕೊಂಡೇ ಇದ್ದ ಸೊಂಟ, ಮೊಣಕಾಲು ಕೆಲಸಕ್ಕೆ ಇನ್ನೂ ಇಳಿದಿರುವುದಿಲ್ಲ.

ಈಗ ನಿಜದ ಅರ್ಧ. ಜಗತ್ತಿನ ಬಹುಪಾಲು ವಾರ್ಮ್‌ಅಪ್ ಸಂಶೋಧನೆ ನಡೆದದ್ದು ತಣ್ಣನೆಯ ದೇಶಗಳಲ್ಲಿ, ಇಲ್ಲವೆ ಎಸಿ ಹಾಕಿದ ಪ್ರಯೋಗಾಲಯಗಳಲ್ಲಿ. ಕೆರಿಬಿಯನ್ ಕಡಲಿನ ಗ್ವಾಡಲೂಪ್ ದ್ವೀಪ ನಮ್ಮ ಕರಾವಳಿಯಂತೆಯೇ ಬಿಸಿಯೂ ತೇವವೂ ಇರುವ ಜಾಗ. ಅಲ್ಲಿ ರಸಿನೈಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಸ್ವಾರಸ್ಯದ ಸಂಗತಿ ಹೇಳಿತು. ತಂಪು ದೇಶಗಳಲ್ಲಿ ಬೆಳಗ್ಗೆಗಿಂತ ಸಂಜೆ ಸ್ನಾಯುವಿನ ಶಕ್ತಿ ಹೆಚ್ಚಿರುವುದು ಸಾಮಾನ್ಯ, ಏಕೆಂದರೆ ಸಂಜೆಯ ಹೊತ್ತಿಗೆ ದೇಹದ ಉಷ್ಣತೆ ಏರಿರುತ್ತದೆ. ಗ್ವಾಡಲೂಪ್‌ನ ಬಿಸಿ ಹವೆಯಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಸುತ್ತಲಿನ ಸೆಕೆಯೇ ಬೆಳಗಿನ ಕೊರತೆಯನ್ನು ತುಂಬಿಕೊಟ್ಟಿತ್ತು ಎಂಬುದು ಅವರ ವಿವರಣೆ. ಬಿಸಿನೀರಿನ ಸ್ನಾನದಿಂದ ಸ್ನಾಯು ಕಾಯಿಸಿದರೂ ಶಕ್ತಿ ಹೆಚ್ಚುತ್ತದೆ ಎಂಬುದು ಬೇರೆ ಪ್ರಯೋಗಗಳಲ್ಲೂ ಕಂಡಿದೆ. ಆದ್ದರಿಂದ ಮೇ ತಿಂಗಳ ಸಂಜೆ ಅಜ್ಜರಕಾಡು ಮೈದಾನದಿಂದ ನಡೆದು ಬಂದ ಹುಡುಗನಿಗೆ ಹತ್ತು ನಿಮಿಷದ ಟ್ರೆಡ್‌ಮಿಲ್ ಬೇಕೇ ಬೇಕು ಎನ್ನಲು ಗಟ್ಟಿ ಆಧಾರ ಇಲ್ಲ.

ಅದೇ ಹುಡುಗ ಡಿಸೆಂಬರಿನಲ್ಲಿ ಕಾರ್ಕಳದಲ್ಲಿದ್ದರೆ? ಘಟ್ಟದ ಬುಡದ ಊರು, ಬೆಳಿಗ್ಗೆ ಐದೂವರೆಗೆ ಮಾಳದ ಕಡೆಯಿಂದ ಮಂಜು ಇಳಿಯುತ್ತಿರುತ್ತದೆ. ಹಾಸಿಗೆಯಿಂದ ಎದ್ದು ಅರ್ಧ ಗಂಟೆಯಾಗಿರುವುದಿಲ್ಲ. ಅಥವಾ ಅವನು ಮಣಿಪಾಲದ ವಿದ್ಯಾರ್ಥಿ, ಎಸಿ ತರಗತಿಯಲ್ಲಿ ಆರು ಗಂಟೆ ಕುಳಿತು ಎಸಿ ಜಿಮ್ಮಿಗೆ ಬಂದಿದ್ದಾನೆ ಅಂದುಕೊಳ್ಳಿ. ಆಗ ಗ್ವಾಡಲೂಪ್ ಅವನ ನೆರವಿಗೆ ಬರುವುದಿಲ್ಲ. ಮಣಿಪಾಲದ ಎಸಿ ಡೆನ್ಮಾರ್ಕಿಗೇ ಹತ್ತಿರ. ಉಡುಪಿ ಜಿಲ್ಲೆ ಒಂದೇ ಆದರೂ ವಾರ್ಮ್‌ಅಪ್ ಮಟ್ಟಿಗೆ ಒಂದೇ ಹವೆಯದ್ದಲ್ಲ. ಊರು, ಋತು, ಹೊತ್ತು ಯಾವುದನ್ನೂ ಕೇಳದೆ ಎಲ್ಲರಿಗೂ ಒಂದೇ ಅಳತೆ ಹೇಳುವ ಟ್ರೈನರ್‌ಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ.

ಕಾರ್ಡಿಯೊ ಬೇಡವೆನ್ನುವವರ ಬಲವಾದ ವಾದ ಸಂಶೋಧನೆಗಿಂತ ಹೆಚ್ಚಾಗಿ ಭಾರ ಎತ್ತುವ ಕ್ರೀಡೆಯ ಪದ್ಧತಿಯಿಂದಲೇ ಬರುತ್ತದೆ. ಇದಕ್ಕೆ ದೂರ ಹೋಗಬೇಕಿಲ್ಲ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ ನಮ್ಮ ಜಿಲ್ಲೆಯವರೇ. ಕುಸ್ತಿಪಟು ಆಗಬೇಕೆಂದು ಹೊರಟವರು, ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ವೇಟ್‌ಲಿಫ್ಟಿಂಗ್‌ಗೆ ತಿರುಗಿದವರು, ಆಮೇಲೆ ವಾಯುಪಡೆಗೆ ಸೇರಿದವರು. 2018ರ ಏಪ್ರಿಲ್ 5ರಂದು ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದ 56 ಕಿಲೋ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 111, ಕ್ಲೀನ್ ಆಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತದ ಮೊದಲ ಪದಕ ಅದು. ನಾಲ್ಕು ವರ್ಷದ ಬಳಿಕ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ 118 ಮತ್ತು 151, ಒಟ್ಟು 269 ಕಿಲೋ ಎತ್ತಿ ಕಂಚು ಗೆದ್ದರು.

ಗೋಲ್ಡ್ ಕೋಸ್ಟ್‌ನಲ್ಲಿ 138 ಕಿಲೋ ಮೊದಲೆರಡು ಸಲವೂ ಕೈಕೊಟ್ಟು ಮೂರನೆಯ, ಕೊನೆಯ ಪ್ರಯತ್ನದಲ್ಲಿ ಮೇಲೇರಿತ್ತು. ಟಿವಿಯಲ್ಲಿ ನಾವು ನೋಡುವುದು ಅದನ್ನು. ಕಾಣದ್ದು ವೇದಿಕೆಯ ಹಿಂದಿನ ವಾರ್ಮ್‌ಅಪ್ ಕೋಣೆ. ಈ ಕ್ರೀಡೆಯಲ್ಲಿ ಅಲ್ಲಿ ನಡೆಯುವುದು ಓಟವಲ್ಲ, ಲೆಕ್ಕಾಚಾರ. ಲಿಫ್ಟರ್ ಭುಜ, ಸೊಂಟ, ಕಣಕಾಲು ಸಡಿಲ ಮಾಡಿಕೊಂಡು ಖಾಲಿ ಬಾರ್‌ನಿಂದ ಶುರು ಮಾಡುತ್ತಾನೆ. ಪುರುಷರ ಬಾರ್ 20 ಕಿಲೋ, ಮಹಿಳೆಯರದ್ದು 15. ಕೋಚ್ ಪಟ್ಟಿ ಹಿಡಿದು, ತಮ್ಮವನ ಸರದಿಗೆ ಮೊದಲು ವೇದಿಕೆಯಲ್ಲಿ ಇನ್ನೆಷ್ಟು ಲಿಫ್ಟ್ ಬಾಕಿ ಎಂದು ಎಣಿಸುತ್ತಿರುತ್ತಾರೆ. ಅದಕ್ಕೆ ಸರಿಯಾಗಿ ಮೂರ್ನಾಲ್ಕು ನಿಮಿಷಕ್ಕೊಮ್ಮೆ ತೂಕ ಏರಿಸುತ್ತ, ಕೊನೆಯ ವಾರ್ಮ್‌ಅಪ್ ಲಿಫ್ಟ್ ಮತ್ತು ವೇದಿಕೆಯ ಮೊದಲ ಲಿಫ್ಟ್ ನಡುವೆ ಹೆಚ್ಚು ಅಂತರ ಬೀಳದಂತೆ ನೋಡಿಕೊಳ್ಳುತ್ತಾರೆ. ಬೇಗ ಮುಗಿಸಿದರೆ ಮೈ ಆರುತ್ತದೆ, ತಡವಾದರೆ ಸಿದ್ಧತೆ ಸಾಲದು. ವೇದಿಕೆಗೆ ಕರೆ ಬಂದ ಮೇಲೆ ಸಿಗುವುದು ಒಂದೇ ನಿಮಿಷ. ಒಬ್ಬನೇ ಸಾಲಾಗಿ ಎರಡು ಸಲ ಎತ್ತಬೇಕಾದರೆ ಎರಡು ನಿಮಿಷ.

ಈ ಕೋಣೆಯಿಂದ ಕಲಿಯಬೇಕಾದದ್ದು ಇಷ್ಟು: ಮೈ ಬಿಸಿಯಾಗುವುದು ಅರ್ಧ ಕೆಲಸ, ಎತ್ತುವ ಕ್ರಮವನ್ನು ನರಗಳಿಗೆ ನೆನಪು ಮಾಡಿಕೊಡುವುದು ಇನ್ನರ್ಧ. ಟ್ರೆಡ್‌ಮಿಲ್‌ಗೆ ಮೊದಲನೆಯದು ಮಾತ್ರ ಗೊತ್ತು. ಸ್ಕ್ವಾಟ್‌ನ ಆಳಕ್ಕೆ ಇಳಿಯುವಾಗ ಮೊಣಕಾಲು ಎಲ್ಲಿ ಹೋಗಬೇಕು, ಉಸಿರು ಯಾವಾಗ ಕಟ್ಟಬೇಕು, ಭಾರ ಹಿಮ್ಮಡಿಗೆ ಬರುತ್ತಿದೆಯೋ ಬೆರಳಿಗೋ ಎಂಬುದನ್ನು ಹತ್ತು ನಿಮಿಷದ ನಡಿಗೆ ಹೇಳಿಕೊಡದು. ಬೆಂಚ್ ಪ್ರೆಸ್ ಮಾಡುವವನಿಗೆ ಟ್ರೆಡ್‌ಮಿಲ್ ಬಿಸಿ ಮಾಡುವುದು ಕಾಲನ್ನು. ಎದೆಗೂ ಭುಜಕ್ಕೂ ತಲುಪುವುದು ಮೈಯ ಒಟ್ಟು ಬಿಸಿಯ ಒಂದು ಪಾಲು ಅಷ್ಟೇ.

ಎಂಭತ್ತು ಕಿಲೋ ಸ್ಕ್ವಾಟ್ ಮಾಡುವ ಒಬ್ಬರನ್ನು ಹತ್ತಿರದಿಂದ ನೋಡಿ. ಮೊದಲು ಖಾಲಿ ರಾಡ್, ಹತ್ತು ಸಲ. ಮೊದಲ ಎರಡು ರೆಪ್ಸ್ ಅರ್ಧಕ್ಕೇ ನಿಲ್ಲುತ್ತವೆ, ಸೊಂಟ ಇಳಿಯಲು ಒಪ್ಪುವುದಿಲ್ಲ. ಐದನೆಯದಕ್ಕೆ ತೊಡೆ ನೆಲಕ್ಕೆ ಸಮಾನಾಂತರ ಬರುತ್ತದೆ. ಎಂಟನೆಯದರಲ್ಲಿ ಹಿಮ್ಮಡಿ ಏಳುವುದು ನಿಲ್ಲುತ್ತದೆ. ಆಮೇಲೆ ಎರಡೂ ಕಡೆ ಹತ್ತು ಹತ್ತರ ಪ್ಲೇಟ್, ಒಟ್ಟು 40 ಕಿಲೋ, ಆರು ಸಲ. ಇಲ್ಲಿ ರಾಡ್ ಬೆನ್ನಿನ ಮೇಲೆ ಕೂರುವ ಜಾಗ ಗೊತ್ತಾಗುತ್ತದೆ, ಹಿಡಿತ ಒಂದು ಬೆರಳಿನಷ್ಟು ಒಳಗೆ ಬರುತ್ತದೆ. ನಂತರ 60, ಮೂರು ಸಲ. 70, ಒಂದೇ ಸಲ. ಆಮೇಲೆ 80. ಇದಕ್ಕೆಲ್ಲ ತಗಲುವುದು ಎಂಟು ಹತ್ತು ನಿಮಿಷ. ಕಾರ್ಡಿಯೊ ಮಾಡಿ ಬಂದವರಿಗೆ ಆ ಮೊದಲ ಎರಡು ಅರೆಬರೆ ರೆಪ್ಸ್ ಉಳಿಯಬಹುದು. ಆದರೆ ಕಾರ್ಡಿಯೊ ಮಾಡಿದೆನಲ್ಲ ಎಂದು ನೇರ 80ರ ಕೆಳಗೆ ಹೋಗಿ ನಿಲ್ಲುವವರನ್ನೂ ನಾನು ಬೇಕಾದಷ್ಟು ನೋಡಿದ್ದೇನೆ. ಟ್ರೆಡ್‌ಮಿಲ್ ಅವರಿಗೆ ಕೊಟ್ಟದ್ದು ಹುಸಿ ಧೈರ್ಯ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನನ್ನ ಮತ ಹಗುರ ಸೆಟ್‌ಗಳಿಗೆ, ಎರಡು ಮಾತಿಲ್ಲ.

ಕಾರ್ಡಿಯೊ ವಿರೋಧಿಗಳ ಇನ್ನೊಂದು ವಾದಕ್ಕೆ ಮಾತ್ರ ಹುರುಳಿಲ್ಲ. ಕಾರ್ಡಿಯೊ ಸ್ನಾಯುವನ್ನು ತಿಂದುಹಾಕುತ್ತದೆ ಎಂಬ ಭಯ ಅದು. ಇದರ ಮೂಲ 1980ರಲ್ಲಿ ರಾಬರ್ಟ್ ಹಿಕ್ಸನ್ ಪ್ರಕಟಿಸಿದ ಅಧ್ಯಯನ. ಹತ್ತು ವಾರ ಭಾರ ಎತ್ತುವುದನ್ನೂ ಓಟ-ಸೈಕಲ್ಲನ್ನೂ ಒಟ್ಟಿಗೆ ಮಾಡಿದವರ ಬಲ ಏಳೆಂಟು ವಾರದ ನಂತರ ನಿಂತು, ಇಳಿಯತೊಡಗಿತು. ಆದರೆ ಅವರು ಮಾಡುತ್ತಿದ್ದುದು ವಾರಕ್ಕೆ ಐದು ದಿನ ಭಾರ, ಆರು ದಿನ ಸುಮಾರು 40 ನಿಮಿಷದ ಬಿರುಸಿನ ಓಟ ಅಥವಾ ಸೈಕಲ್. ಆರಾಮದ ಐದು ಹತ್ತು ನಿಮಿಷದ ನಡಿಗೆಗೆ ಆ ಫಲಿತಾಂಶ ಅಂಟಿಸುವುದು ಅನ್ಯಾಯ.

ಗಾಯದ ವಿಚಾರಕ್ಕೆ ಬಂದರೆ ಕಾರ್ಡಿಯೊ ಪರದವರೂ ಬೀಗುವ ಹಾಗಿಲ್ಲ. "ವಾರ್ಮ್‌ಅಪ್ ಮಾಡದಿದ್ದರೆ ಸೊಂಟ ಹಿಡಿದುಕೊಳ್ಳುತ್ತದೆ" ಎಂಬ ಮಾತು ಎಷ್ಟು ಖಡಾಖಂಡಿತವಾಗಿ ಕೇಳಿಬರುತ್ತದೋ ಅಷ್ಟು ಪುರಾವೆ ಅದರ ಹಿಂದೆ ಇಲ್ಲ. ಗಾಯ ಕಡಿಮೆಯಾದದ್ದಕ್ಕೆ ಒಳ್ಳೆಯ ಸಾಕ್ಷಿ ಇರುವುದು ಫುಟ್‌ಬಾಲ್‌ನಲ್ಲಿ. ನಾರ್ವೆಯ ಹದಿಹರೆಯದ ಹುಡುಗಿಯರ ತಂಡಗಳಲ್ಲಿ ನಡೆಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 'ಫಿಫಾ 11 ಪ್ಲಸ್' ಎಂಬ ಸುಮಾರು 20 ನಿಮಿಷದ ವಾರ್ಮ್‌ಅಪ್ ಮಾಡಿದ ತಂಡಗಳಲ್ಲಿ ಗಾಯಗಳು ಮೂರನೇ ಒಂದರಷ್ಟು ಕಡಿಮೆ ಇದ್ದವು. ಆದರೆ ಅದು ಬರೀ ಓಟವಲ್ಲ. ಸ್ನಾಯು ಬಲಪಡಿಸುವುದು, ಒಂಟಿ ಕಾಲಿನ ಸಮತೋಲನ, ನೆಗೆದು ಇಳಿಯುವ ಕ್ರಮ ಎಲ್ಲ ಅದರಲ್ಲಿ ಸೇರಿದೆ. ಅದರ ಕೀರ್ತಿಯನ್ನು ಟ್ರೆಡ್‌ಮಿಲ್ ಬಾಚಿಕೊಳ್ಳುವಂತಿಲ್ಲ.

ಮರುದಿನದ ನೋವಿನ ವಿಷಯದಲ್ಲಿ ಮಾತ್ರ ಸಣ್ಣದೊಂದು ಲಾಭ ತೋರಿದೆ. ಸಿಡ್ನಿಯಲ್ಲಿ 52 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವ್ಯಾಯಾಮಕ್ಕೆ ಮೊದಲು ಹತ್ತು ನಿಮಿಷ ವಾರ್ಮ್‌ಅಪ್ ಮಾಡಿದವರ ಸ್ನಾಯು ನೋವು ಎರಡು ದಿನದ ನಂತರ ತುಸು ಕಡಿಮೆ ಇತ್ತು. ಕೊನೆಯಲ್ಲಿ ಮಾಡುವ ಕೂಲ್‌ಡೌನ್‌ನಿಂದ ಅಂಥ ಪ್ರಯೋಜನ ಕಾಣಲಿಲ್ಲ. ಹೊಸದಾಗಿ ಸೇರಿ, ಮೂರನೇ ದಿನ ಮೆಟ್ಟಿಲು ಇಳಿಯಲಾಗದೆ ನಾಲ್ಕನೇ ದಿನದಿಂದ ಬರುವುದನ್ನೇ ಬಿಡುವವರಿಗೆ ಈ ತುಸುವೂ ದೊಡ್ಡದೇ.

ಹೃದಯದ ವಿಚಾರ ಬೇರೆ ತೂಕದ್ದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ಕರ್ನಾಟಕ ಜಿಮ್ಮನ್ನು ಅನುಮಾನದಿಂದ ನೋಡಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆ ಸಾಲು ನಿಂತಿತು. ನಮ್ಮ ಕಡೆಯ ಜಿಮ್‌ಗಳಲ್ಲೂ ನಲವತ್ತು ದಾಟಿದವರು ಕೆಲ ಕಾಲ ಕಾಣೆಯಾದರು. ಒಂದು ಸಾವಿನಿಂದ ವ್ಯಾಯಾಮದ ಬಗ್ಗೆ ತೀರ್ಮಾನ ಮಾಡುವುದು ತಪ್ಪು. ಆದರೆ ನಲವತ್ತು ದಾಟಿದವರಿಗೆ ನಿಧಾನವಾದ ಆರಂಭ ಬೇಕು ಎನ್ನುವವರ ಬಳಿ ಕಾರಣಗಳಿವೆ. ಕೆನಡಾದ ಮ್ಯಾಕ್‌ಡೂಗಲ್ ತಂಡ 1985ರಲ್ಲಿ ಬಾಡಿಬಿಲ್ಡರ್‌ಗಳ ರಕ್ತನಾಳದೊಳಗೇ ಒತ್ತಡ ಅಳೆದಾಗ, ಉಸಿರು ಬಿಗಿಹಿಡಿದು ಭಾರಿ ಲೆಗ್ ಪ್ರೆಸ್ ಮಾಡುವ ಕ್ಷಣದಲ್ಲಿ ಸರಾಸರಿ ರಕ್ತದೊತ್ತಡ 320/250ಕ್ಕೆ ಏರಿತ್ತು. ಅವರು ಆರೋಗ್ಯವಂತ ಯುವಕರು, ಏರಿಕೆ ಕ್ಷಣಿಕ. ಅಷ್ಟಾದರೂ ಬಿಪಿ ಮಾತ್ರೆ ನುಂಗಿ ಬರುವ ಐವತ್ತೈದರವರು ಆ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

1973ರಲ್ಲಿ ಲಾಸ್ ಏಂಜಲೀಸಿನಲ್ಲಿ ಬರ್ನಾರ್ಡ್ ತಂಡ ಆರೋಗ್ಯವಂತ ಗಂಡಸರನ್ನು ಯಾವ ಸಿದ್ಧತೆಯೂ ಇಲ್ಲದೆ ಏಕಾಏಕಿ ಬಿರುಸಾಗಿ ಓಡಿಸಿದಾಗ ಬಹಳ ಮಂದಿಯ ಇಸಿಜಿಯಲ್ಲಿ ಅಸಹಜ ಬದಲಾವಣೆ ಕಂಡಿತ್ತು. ಮೊದಲು ಸ್ವಲ್ಪ ನಿಧಾನವಾಗಿ ಓಡಿಸಿ ಆಮೇಲೆ ಬಿರುಸು ಮಾಡಿಸಿದಾಗ ಅದು ತಗ್ಗಿತು. ನಂತರದ ಅಧ್ಯಯನಗಳಲ್ಲಿ ಇದು ಅಷ್ಟು ಸ್ಪಷ್ಟವಾಗಿ ಕಂಡಿಲ್ಲ, ಅದು ಓಟದ ಪ್ರಯೋಗ ಎಂಬುದೂ ನಿಜ. ಆದರೂ ತೂಗಿ ನೋಡಿದರೆ, ಐದು ನಿಮಿಷದ ನಡಿಗೆಯಿಂದ ನಷ್ಟ ಏನೂ ಇಲ್ಲ, ಲಾಭ ಇರುವ ಸಾಧ್ಯತೆ ಇದೆ. ಸಂಶಯದ ಲಾಭವನ್ನು ಇಲ್ಲಿ ಕಾರ್ಡಿಯೊಗೆ ಕೊಡುತ್ತೇನೆ. ಎದೆಯಲ್ಲಿ ಬಿಗಿತ, ಎಡಗೈ ಸೆಳೆತ ಇರುವವರಿಗೆ ಇದು ಯಾವುದೂ ಅನ್ವಯಿಸದು. ಅವರು ಹೋಗಬೇಕಾದದ್ದು ವೈದ್ಯರ ಬಳಿಗೆ. ಟ್ರೆಡ್‌ಮಿಲ್ ಪರೀಕ್ಷೆ ಆಸ್ಪತ್ರೆಯಲ್ಲೂ ಆಗುತ್ತದೆ.

ಮಣಿಪಾಲ ಬ್ಯಾಂಕಿನವರ ಊರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗುವ ತನಕ ಅದರ ಪ್ರಧಾನ ಕಚೇರಿ ಇದ್ದದ್ದು ಇಲ್ಲೇ. ಹಾಗಾಗಿ ಇಲ್ಲಿನ ಜಿಮ್‌ಗಳ ಬೆಳಗಿನ ಸರದಿಯಲ್ಲಿ ನಿವೃತ್ತ ಅಧಿಕಾರಿಗಳು ಧಾರಾಳ. ಮೂವತ್ತೈದು ವರ್ಷ ಕುರ್ಚಿಯಲ್ಲಿ ಕುಳಿತ ಸೊಂಟ ಅವರದ್ದು. ಎಂಡ್ ಪಾಯಿಂಟ್‌ನಲ್ಲಿ ಒಂದು ಸುತ್ತು ನಡೆದು, ಕೆಳಗೆ ಸ್ವರ್ಣಾ ನದಿ ನೋಡಿ, ಆಮೇಲೆ ಜಿಮ್ಮಿಗೆ ಬರುತ್ತಾರೆ. ಟ್ರೈನರ್ "ಸರ್, ಹತ್ತು ನಿಮಿಷ ಟ್ರೆಡ್‌ಮಿಲ್" ಎಂದರೆ, "ಅಲ್ಲ ಮಾರಾಯ, ಈಗಷ್ಟೇ ಅರ್ಧ ಗಂಟೆ ನಡೆದು ಬಂದದ್ದು" ಎನ್ನುತ್ತಾರೆ. ಅವರು ಹೇಳುವುದು ಸರಿ. ನಡಿಗೆ ಮುಗಿದು ಹೆಚ್ಚು ಹೊತ್ತಾಗದಿದ್ದರೆ ಸಾಕು. ಆದರೆ ದಾರಿಯಲ್ಲಿ ಹೋಟೆಲಿನಲ್ಲಿ ಕುಳಿತು ಕಾಫಿ ಕುಡಿದು, ಪೇಪರ್ ಓದಿ ಬಂದಿದ್ದರೆ ಗಳಿಸಿದ ಬಿಸಿ ಬಹುಪಾಲು ಅಲ್ಲೇ ಉಳಿದಿರುತ್ತದೆ. ಸುಮ್ಮನೆ ಕುಳಿತರೆ ಕಾಲು ಗಂಟೆಯಲ್ಲಿ ಸ್ನಾಯು ಸಾಕಷ್ಟು ಆರುತ್ತದೆ.

ಊರಿನ ಹಿರಿಯರ ಆಕ್ಷೇಪ ಇನ್ನೊಂದಿದೆ, ಅದನ್ನು ಬಿಡುವಂತಿಲ್ಲ. "ನಮ್ಮ ಕಾಲದಲ್ಲಿ ಯಾರು ಓಡಿ ಬಂದು ಅಕ್ಕಿ ಮುಡಿ ಎತ್ತುತ್ತಿದ್ದರು?" ಎಂದು ಅವರು ಕೇಳುತ್ತಾರೆ. ಕಾಪು ಕಡಲಿನಲ್ಲಿ ಕೈರಂಪಣಿ ಬಲೆ ಎಳೆಯುವವರನ್ನು ತೋರಿಸುತ್ತಾರೆ. 1901ರ ದೀಪಸ್ತಂಭದ ಬಂಡೆಯ ಮೇಲೆ ನಿಂತರೆ ಆ ನೋಟ ಚೆನ್ನಾಗಿ ಕಾಣುತ್ತದೆ. ಎರಡು ಸಾಲಿನಲ್ಲಿ ನಿಂತ ಜನ, ಎರಡು ಹಗ್ಗ, ನಡುವೆ ಅರ್ಧಚಂದ್ರಾಕಾರದ ಬಲೆ. ಇವರಲ್ಲಿ ಯಾರೂ ಜಾಗಿಂಗ್ ಮಾಡಿ ಬಂದವರಲ್ಲ. ಆದರೆ ಗಮನಿಸಿ ನೋಡಿದರೆ ಅವರ ಕೆಲಸವೇ ವಾರ್ಮ್‌ಅಪ್‌ನಿಂದ ಶುರುವಾಗುತ್ತದೆ. ಮರಳಿನಲ್ಲಿ ನಡೆದು ಬರುವುದು, ಬಲೆ ಹೊರುವುದು, ಮೊದಮೊದಲು ಹಗ್ಗ ಸಡಿಲ ಇರುವಾಗ ನಿಧಾನವಾಗಿ ಎಳೆಯುವುದು. ಬಲೆಯ ಪೂರ್ತಿ ಭಾರ ಬೀಳುವುದು ಕೊನೆಗೆ, ದಡ ಹತ್ತಿರ ಬಂದಾಗ. ಇದು ಖಾಲಿ ರಾಡ್‌ನಿಂದ ಶುರು ಮಾಡಿ ಪ್ಲೇಟ್ ಏರಿಸುವ ಕ್ರಮವೇ ಆಯಿತಲ್ಲ. ಹಿರಿಯರ ಉದಾಹರಣೆ ಕಾರ್ಡಿಯೊ ಬೇಡ ಎನ್ನುವವರಿಗೆ ಬಲ ಕೊಡುತ್ತದೆ, ವಾರ್ಮ್‌ಅಪ್ಪೇ ಬೇಡ ಎನ್ನುವವರಿಗಲ್ಲ. ಇಡೀ ಜೀವನ ಹೀಗೆ ಎಳೆದವರ ಬೆನ್ನು ಈಗ ಹೇಗಿದೆ ಎಂದು ಅವರನ್ನೇ ಕೇಳಿದರೆ, ಹಳೆಯದೆಲ್ಲ ಒಳ್ಳೆಯದಿತ್ತು ಎಂಬ ಮಾತೂ ಸ್ವಲ್ಪ ಮೆತ್ತಗಾಗುತ್ತದೆ.

ಆಂಜನೇಯನ ಪಟ ಇಟ್ಟುಕೊಂಡ ಹಳೆಯ ವ್ಯಾಯಾಮ ಶಾಲೆಗಳು, ಮೊಸರುಕುಡಿಕೆಗೆ ತಾಲೀಮು ಕಟ್ಟುವ ತಂಡಗಳು ಈ ತಕರಾರಿಗೆ ಯಾವತ್ತೋ ತಮ್ಮ ಉತ್ತರ ಕಂಡುಕೊಂಡಿದ್ದವು. ಮೊದಲು ಬಸ್ಕಿ, ದಂಡ, ಆಮೇಲೆ ಸಾಧನ. ಇಪ್ಪತ್ತು ಬಸ್ಕಿ ಹೃದಯ ಬಡಿತವನ್ನೂ ಏರಿಸುತ್ತದೆ, ಸ್ಕ್ವಾಟ್‌ಗೆ ಸೊಂಟವನ್ನೂ ತಯಾರು ಮಾಡುತ್ತದೆ. ಇದನ್ನು ಕಾರ್ಡಿಯೊ ಅನ್ನಬೇಕೋ ಹಗುರ ಸೆಟ್ ಅನ್ನಬೇಕೋ ನೀವೇ ಹೇಳಿ. ಕಾರ್ಕಳ ತಾಲೂಕಿನ ಬೋಳದ ಅಕ್ಷತಾ ಪೂಜಾರಿ ಪವರ್‌ಲಿಫ್ಟಿಂಗ್‌ನಲ್ಲಿ ಅಂತರರಾಷ್ಟ್ರೀಯ ಪದಕ ತಂದ ಮೇಲೆ ಈ ಭಾಗದ ಹಳ್ಳಿಗಳ ಹುಡುಗಿಯರಿಗೂ ರಾಡ್ ಅಪರಿಚಿತವಲ್ಲ. ಸಾಲು ಸಾಲು ಟ್ರೆಡ್‌ಮಿಲ್ ಇಲ್ಲದ ಊರುಗಳಲ್ಲೂ ಬಲಶಾಲಿಗಳು ಹುಟ್ಟಿದ್ದಾರೆ ಎಂಬುದಕ್ಕೆ ಈ ಜಿಲ್ಲೆಯೇ ಸಾಕ್ಷಿ.

ಸಮಯದ ಲೆಕ್ಕವೂ ಒಂದಿದೆ. ಕೆಲಸ ಮುಗಿಸಿ ಬರುವ ಗೃಹಿಣಿಗೋ ನೌಕರನಿಗೋ ಸಿಗುವುದು ಮುಕ್ಕಾಲು ಗಂಟೆ. ಸಂಜೆ ಆರರಿಂದ ಎಂಟರ ತನಕ ಟ್ರೆಡ್‌ಮಿಲ್‌ಗೆ ಸರದಿ. ಕಾದು, ನಡೆದು, ಮತ್ತೆ ರಾಡ್‌ಗೆ ಕಾಯುವಷ್ಟರಲ್ಲಿ ಅರ್ಧ ಹೊತ್ತು ಹೋಗಿರುತ್ತದೆ, ಕೊನೆಯ ಎರಡು ವ್ಯಾಯಾಮ ಬಿಟ್ಟುಹೋಗುತ್ತದೆ. ಮಾಡದೆ ಹೋದ ಆ ವ್ಯಾಯಾಮದ ನಷ್ಟವನ್ನು ಯಾವ ವಾರ್ಮ್‌ಅಪ್ ಕೂಡ ತುಂಬದು. ಮಳೆಗಾಲದಲ್ಲಿ ಕರೆಂಟು ಹೋದರಂತೂ ಟ್ರೆಡ್‌ಮಿಲ್ ಬರೀ ಬಟ್ಟೆ ಒಣಗಿಸುವ ಸ್ಟ್ಯಾಂಡು. ಅಂಥ ದಿನ ನೇರ ಖಾಲಿ ರಾಡ್‌ಗೆ ಹೋಗಿ ಎರಡು ಸೆಟ್ ಹೆಚ್ಚು ಮಾಡುವುದೇ ಜಾಣತನ. ಎದುರು ಕಡೆಯಿಂದ ಒಂದು ಮಾತನ್ನು ಒಪ್ಪಬೇಕು: ಹೊಸಬರಲ್ಲಿ ಎಷ್ಟೋ ಜನ ಜಿಮ್ಮಿನೊಳಗೆ ಮೊದಲ ದಿನ ನಿಂತುಕೊಳ್ಳಲು ಧೈರ್ಯ ಮಾಡುವುದು ಟ್ರೆಡ್‌ಮಿಲ್ ಇರುವುದರಿಂದಲೇ. ರಾಡ್ ಹತ್ತಿರ ಹೋಗಲು ನಾಚುವವರು ಅಲ್ಲಿ ನಡೆಯುತ್ತ ನಡೆಯುತ್ತ ಸುತ್ತ ನೋಡಿ ಕಲಿಯುತ್ತಾರೆ. ಪ್ರಯೋಗಾಲಯದಲ್ಲಿ ಅಳೆಯಲಾಗದ ಈ ಲಾಭವನ್ನು ಟ್ರೈನರ್‌ಗಳು ಚೆನ್ನಾಗಿ ಬಲ್ಲರು.

ಕೊನೆಗೆ ದುಡ್ಡಿನ ವಿಷಯ. ಸಣ್ಣ ಊರಿನ ಎಷ್ಟೋ ಜಿಮ್‌ಗಳಲ್ಲಿ ತಿಂಗಳ ಶುಲ್ಕಕ್ಕೆ ಎರಡು ದರ: ಭಾರದ ವ್ಯಾಯಾಮ ಮಾತ್ರ ಬೇಕಾದರೆ ಒಂದು, ಕಾರ್ಡಿಯೊ ಸೇರಿಸಿದರೆ ಇನ್ನೊಂದು. ಕಾಲೇಜು ಹುಡುಗರು ಮೊದಲನೆಯದನ್ನೇ ಹಿಡಿಯುತ್ತಾರೆ, ಆಮೇಲೆ ಏನೋ ತಪ್ಪು ಮಾಡಿದೆವೇನೋ ಎಂದು ಅಳುಕುತ್ತಾರೆ. ತೂಕ ಇಳಿಸಬೇಕಿದ್ದರೆ, ದಮ್ಮು ಬೆಳೆಸಬೇಕಿದ್ದರೆ ಹೆಚ್ಚಿನ ದರ ಕೊಡಲಿ, ಅದು ಬೇರೆ ಮಾತು. ವಾರ್ಮ್‌ಅಪ್‌ಗೆ ಮಾತ್ರ ಎಂದಾದರೆ ಆ ದುಡ್ಡು ಉಳಿಸಿಕೊಳ್ಳಬಹುದು. ಬಸ್ ಸ್ಟ್ಯಾಂಡಿನಿಂದ ಜಿಮ್ಮಿಗೆ ಬಿರುಸಾಗಿ ನಡೆದು ಬಂದು, ಚೀಲ ಇಟ್ಟು, ಇಪ್ಪತ್ತು ಬಸ್ಕಿ ಹೊಡೆದು, ಕೈ ಎರಡೂ ಕಡೆ ನಾಲ್ಕು ಸಲ ತಿರುಗಿಸಿ, ಖಾಲಿ ರಾಡ್ ಎತ್ತಿಕೊಂಡರೆ ಮುಗಿಯಿತು. ಉಳಿದ ದುಡ್ಡಿಗೆ ಮೊಟ್ಟೆ ತಿನ್ನಲಿ.